ಅಪ್ಪ ಗಾಜು ಬಡಿದು ನೋಡಿದ

ಮೊದಲ ದಿನ: ಏಪ್ರಿಲ್ 11, 2025, ಕಲಬುರಗಿ

ಈ ಪ್ರವಾಸ ಹುಟ್ಟಿದ್ದು ಒಂದು ಜಗಳದಿಂದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನನ್ನ ಅಪ್ಪ ಶಹಾಬಾದಿನ ಖಣಿಗಳಲ್ಲಿ ನಲವತ್ತು ವರ್ಷ ಫರ್ಸಿ ಎಬ್ಬಿಸಿದವನು. ನಮ್ಮ ಮನೆಯ ನೆಲಕ್ಕೆ ಹಾಸಿದ್ದೂ ಅವನೇ ಆರಿಸಿ ತಂದ ಕಲ್ಲು. ಆ ನೆಲದ ಮೇಲೆ ಕುಳಿತು ಒಂದು ಸಂಜೆ ಮಗನಿಗೆ ಹೇಳುತ್ತಿದ್ದೆ: ಈ ಫರ್ಸಿ ಹಿಂದೊಮ್ಮೆ ಸಮುದ್ರದ ತಳವಾಗಿತ್ತು, ಆಳವಿಲ್ಲದ ನೀರಿನಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕುಳಿತು ಕಲ್ಲಾಯಿತು, ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಮಾತು. ಅಪ್ಪ ಎಲೆ ಅಡಿಕೆ ಜಗಿಯುತ್ತಲೇ ಕೇಳಿಸಿಕೊಂಡ. ಆಮೇಲೆ, "ಅವ್ವಾ, ನಲವತ್ತು ವರ್ಷದಲ್ಲಿ ಎಷ್ಟು ಲಕ್ಷ ಪದರು ಬಿಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ. ಒಂದು ಮೀನಿನ ಮುಳ್ಳು ಸಿಕ್ಕಿಲ್ಲ" ಎಂದ.

ಆಗ ಮೀನುಗಳೇ ಹುಟ್ಟಿರಲಿಲ್ಲ ಎಂದೆ. ಮೀನಿಲ್ಲದ ಸಮುದ್ರ ಎಂಥ ಸಮುದ್ರ ಎಂದು ಅಪ್ಪ ನಕ್ಕ. ಸಮುದ್ರವನ್ನೇ ನೋಡದ ನೀನು ಅದರ ಬಗ್ಗೆ ಏನು ಹೇಳುತ್ತೀ ಎಂದು ನಾನು ರೇಗಿದೆ. ಹೇಳಬಾರದಿತ್ತು. ಎಪ್ಪತ್ತೆರಡು ವರ್ಷದ ಮನುಷ್ಯ ತಕ್ಷಣ, "ಹಾಗಾದರೆ ತೋರಿಸು" ಎಂದ.

ಒಂಬತ್ತು ವರ್ಷದ ಮಗನಿಗೆ ಬೇರೆಯದೇ ಕನಸಿತ್ತು. ಹಿಂದಿನ ವರ್ಷ ಊರಿಗೆ ಬಂದಿದ್ದ ಒಂದು ವಸ್ತುಪ್ರದರ್ಶನದಲ್ಲಿ ತಗಡಿನ ಡೇರೆಯೊಳಗೆ ಮೀನಿನ ಸುರಂಗ ಹಾಕಿದ್ದರು. ಅಲ್ಲಿದ್ದವು ಹೆಚ್ಚಾಗಿ ಸಿಹಿನೀರಿನ ಬಣ್ಣದ ಮೀನುಗಳು, ನಮ್ಮ ಊರಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವಂಥವು. ಶಾರ್ಕ್ ಎಲ್ಲಿ ಎಂದು ಅವನು ಅಂದಿನಿಂದ ಕೇಳುತ್ತಲೇ ಇದ್ದ. ಎರಡೂ ಬೇಡಿಕೆಗೆ ಒಂದೇ ಊರು ಸಾಕಾಯಿತು, ಚೆನ್ನೈ. ಮುಂಬೈ–ಚೆನ್ನೈ ಹಳಿ ನಮ್ಮ ಊರಿನ ಮೇಲೆಯೇ ಹೋಗುತ್ತದೆ. ಏಳುನೂರು ಕಿಲೋಮೀಟರು ಒಂದು ರಾತ್ರಿಯ ನಿದ್ದೆಯಲ್ಲಿ ಕಳೆಯುತ್ತದೆ. ಯಜಮಾನರಿಗೆ ರಜೆ ಸಿಗಲಿಲ್ಲ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನಕ್ಕೆ ಮುಚ್ಚುತ್ತವೆ, ಉಳಿದ ಹೊತ್ತು ಮನೆಯಲ್ಲಿ ತಣ್ಣಗೆ ಮಲಗುತ್ತೇನೆ ಎಂದರು. ದುಃಖವೇನೂ ಕಾಣಲಿಲ್ಲ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಉಳ್ಳಾಗಡ್ಡಿ ಕಟ್ಟಿಕೊಂಡು ರಾತ್ರಿ ರೈಲು ಹತ್ತಿದೆವು. ಶಹಾಬಾದ್ ಸ್ಟೇಷನ್ ಬಂದಾಗ ಅಪ್ಪ ಕಿಟಕಿಗೆ ಮುಖ ಒತ್ತಿ ಕತ್ತಲನ್ನೇ ನೋಡಿದ. ಮುಂದೆ ವಾಡಿಯ ಸಿಮೆಂಟ್ ಕಾರ್ಖಾನೆಯ ದೀಪಗಳು. ಅದೇ ಸುಣ್ಣದ ಕಲ್ಲನ್ನು ಅಲ್ಲಿ ಅರೆದು ಸುಟ್ಟು ಚೀಲಕ್ಕೆ ತುಂಬುತ್ತಾರೆ. "ನೋಡು, ನಿನ್ನ ಸಮುದ್ರವನ್ನು ಚೀಲದಲ್ಲಿ ಮಾರುತ್ತಿದ್ದಾರೆ" ಎಂದು ಚುಚ್ಚಿ ಅಪ್ಪ ಮಲಗಿದ. ರಾಯಚೂರಿಗೆ ಮೊದಲು ಕೃಷ್ಣೆಯ ಸೇತುವೆ ದಡದಡಿಸಿದಾಗ ಮಗ ಎದ್ದು, "ಇದೇನಾ ಸಮುದ್ರ?" ಎಂದ. ಅಲ್ಲ, ಮಲಗು ಎಂದೆ.

ಎರಡನೆಯ ದಿನ: ಏಪ್ರಿಲ್ 12, ಚೆನ್ನೈ

ಊರು ಬಿಡುವಾಗ ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ಚೆನ್ನೈಯಲ್ಲಿ ಅಷ್ಟಿರಲಿಲ್ಲ, ಆದರೆ ಸ್ಟೇಷನ್ನಿನ ಹೊರಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಮೂವರ ಅಂಗಿಯೂ ಬೆನ್ನಿಗೆ ಅಂಟಿತು. ಅಪ್ಪನ ತೀರ್ಪು: "ನಮ್ಮ ಕಡೆ ಬಿಸಿಲು ಹುರಿಯುತ್ತದೆ, ಇಲ್ಲಿ ಬೇಯಿಸುತ್ತದೆ."

ವಸತಿಗೆ ಹಿಡಿದದ್ದು ಟ್ರಿಪ್ಲಿಕೇನಿನ ಒಂದು ಲಾಡ್ಜ್. ಎಸಿ ಇದೆ ಎಂದಿದ್ದರು. ಇತ್ತು, ಗೋಡೆಯ ಮೇಲೆ. ಅದು ಮಾಡುತ್ತಿದ್ದ ಕೆಲಸವೆಂದರೆ ಹಾಸಿಗೆಯ ಮೇಲೆ ಹನಿ ಬೀಳಿಸುವುದು. ಜಗಳಕ್ಕೆ ನನಗೆ ತಮಿಳು ಬರುವುದಿಲ್ಲ. ಅಪ್ಪನಿಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ. ಆ ಬಡಾವಣೆಯಲ್ಲಿ ಉರ್ದು ಮಾತಾಡುವವರು ಬಹಳ. ಕೆಳಗೆ ನಿಂತಿದ್ದ ಆಟೊದ ಹಿರಿಯರೊಬ್ಬರ ಜೊತೆ ಅಪ್ಪ ಖಣಿಯಲ್ಲಿ ಕಲಿತ ದಖನಿಯಲ್ಲಿ ಶುರು ಹಚ್ಚಿದ. ಅವರ ಉರ್ದು ತಮಿಳಿನ ಕಡೆ ವಾಲಿತ್ತು, ಇವನದು ಕನ್ನಡದ ಕಡೆ. ಐದು ನಿಮಿಷದಲ್ಲಿ ಬಾಡಿಗೆ ನೂರು ರೂಪಾಯಿ ಇಳಿಯಿತು, ಚಹಾ ಬೇರೆ ಬಂತು.

ಪೂರ್ವ ಕರಾವಳಿ ರಸ್ತೆ ಎಂದು ಹೆಸರೇನೋ ಇದೆ. ಕರಾವಳಿ ಮಾತ್ರ ಮನೆ, ಹೋಟೆಲು, ಕಾಂಪೌಂಡುಗಳ ಹಿಂದೆ ಅಡಗಿಕೊಂಡಿರುತ್ತದೆ. ಹೀಗಾಗಿ ನಾವು ಸಮುದ್ರವನ್ನು ನೋಡುವ ಮೊದಲೇ ಅದರ ಮೀನುಗಳನ್ನು ನೋಡಿದೆವು. ಇಂಜಂಬಾಕ್ಕಂನಲ್ಲಿರುವ ವಿಜಿಪಿ ಮರೀನ್ ಕಿಂಗ್‌ಡಮ್ 2019ರಲ್ಲಿ ಬಾಗಿಲು ತೆರೆದದ್ದು, ನೀರಿನ ಅಡಿಯಲ್ಲಿ ನಡೆದು ಹೋಗುವ ಸುರಂಗ ಅದರ ಆಕರ್ಷಣೆ. ಒಳಗೆ ಹೆಜ್ಜೆ ಇಟ್ಟೊಡನೆ ಅಪ್ಪ "ಹಾಂ" ಎಂದು ಉಸಿರು ಬಿಟ್ಟ. ಮೀನಿಗಲ್ಲ, ತಂಪಿಗೆ.

ಮೊದಲು ಕಾಡು, ನದಿಗಳ ಭಾಗ. ಅಪ್ಪ ಅಲ್ಲಿ ನಿಲ್ಲಲಿಲ್ಲ. ಇವೆಲ್ಲ ಭೀಮಾ ನದಿಯಲ್ಲೂ ಇವೆ ಎಂದ. ಇಲ್ಲ, ಆದರೆ ವಾದಿಸುವ ಶಕ್ತಿ ನನ್ನಲ್ಲಿರಲಿಲ್ಲ. ಉಪ್ಪುನೀರಿನ ತೊಟ್ಟಿಗಳ ಬಳಿ ಅವನ ನಡಿಗೆ ನಿಧಾನವಾಯಿತು. ಮೊರೆ ಈಲ್ ಎಂಬ ಹಾವಿನಂಥ ಮೀನು ಕಲ್ಲಿನ ಸಂದಿಯಿಂದ ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುತ್ತಿತ್ತು. ಸಿಟ್ಟಾಗಿದೆ ಎಂದು ಮಗ ಹಿಂದೆ ಸರಿದ. ಅದು ಉಸಿರಾಡುವ ರೀತಿಯೇ ಹಾಗೆ, ಬಾಯಿಂದ ನೀರು ಎಳೆದು ಕಿವಿರಿನ ಮೇಲೆ ಹಾಯಿಸುತ್ತದೆ ಎಂದು ಹೇಳಿದೆ. ಪಕ್ಕದ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳು. ಈ ಮೀನುಗಳೆಲ್ಲ ಹುಟ್ಟುವಾಗ ಗಂಡು, ಗುಂಪಿನ ಯಜಮಾನಿ ಸತ್ತರೆ ಅದರ ಜೋಡಿಯಾಗಿದ್ದ ಗಂಡು ಹೆಣ್ಣಾಗಿ ಆ ಜಾಗ ಹಿಡಿಯುತ್ತದೆ ಎಂದಾಗ ಅಪ್ಪ ನನ್ನ ಮುಖವನ್ನು ಸಂಶಯದಿಂದ ನೋಡಿದ. ಮೀನಿಲ್ಲದ ಸಮುದ್ರದ ಕಥೆಯ ಸಾಲಿಗೆ ಇದನ್ನೂ ಸೇರಿಸಿಕೊಂಡ ಎಂದು ಗೊತ್ತಾಯಿತು.

ಆಮೇಲೆ ಸುರಂಗ. ತಲೆಯ ಮೇಲೆ, ಎಡಕ್ಕೆ, ಬಲಕ್ಕೆ ನೀಲಿ ನೀರು. ಮಗ ಬಾಯಿ ತೆರೆದವನು ಮುಚ್ಚಲಿಲ್ಲ. ಶಾರ್ಕ್ ಬಂತು, ಅವನ ಅಂಗೈ ಅಗಲದ ದೂರದಲ್ಲಿ ಹಾದು ಹೋಯಿತು. ಅವನು ಹೆದರಲೂ ಮರೆತ. ಅದು ಒಂದು ಸುತ್ತು ಹಾಕಿ ಮತ್ತೆ ಬಂತು. ನಾಲ್ಕನೆಯ ಸುತ್ತಿಗೆ ಮಗ, "ಇದಕ್ಕೆ ಸುಸ್ತಾಗುವುದಿಲ್ಲವೇ?" ಎಂದು ಕೇಳಿದ. ಕೆಲವು ಜಾತಿಯ ಶಾರ್ಕುಗಳು ಈಜುತ್ತಲೇ ಇದ್ದರೆ ಮಾತ್ರ ಕಿವಿರಿನ ಮೇಲೆ ನೀರು ಹರಿದು ಉಸಿರು ಸಿಗುತ್ತದೆ, ನಿಂತರೆ ಉಸಿರು ಕಟ್ಟುತ್ತದೆ. ಮಗ ಸ್ವಲ್ಪ ಹೊತ್ತು ತಾನೂ ಉಸಿರು ಬಿಗಿ ಹಿಡಿದು ನೋಡಿದ.

ನಾನು ಪ್ರತಿ ವರ್ಷ ಬಟ್ಟಲಿಗೆ ನಾಣ್ಯ ಹಾಕಿ, ನೀರು ಸುರಿದು, ನಾಣ್ಯ ಮೇಲೆ ಬಂದಂತೆ ತೋರುವುದನ್ನು ಮಕ್ಕಳಿಗೆ ತೋರಿಸುತ್ತೇನೆ. ನೀರಿನೊಳಗಿನ ವಸ್ತು ಹೊರಗಿನ ಕಣ್ಣಿಗೆ ಇರುವ ದೂರದ ಮುಕ್ಕಾಲು ಭಾಗದಲ್ಲೇ ಇದ್ದಂತೆ ಕಾಣುತ್ತದೆ. ಸುರಂಗದ ಬಾಗಿದ ಗೋಡೆ ಇನ್ನೂ ಒಂದು ಆಟ ಆಡುತ್ತದೆ. ಮೀನನ್ನು ಹತ್ತಿರ ತರುತ್ತದೆ, ಜೊತೆಗೆ ಕಿರಿದಾಗಿಯೂ ತೋರಿಸುತ್ತದೆ. ಇಷ್ಟು ವರ್ಷ ಕರಿಹಲಗೆಯ ಮೇಲೆ ಗೆರೆ ಎಳೆದವಳು ಆ ಗೆರೆಗಳ ಒಳಗೇ ನಿಂತಿದ್ದೇನೆ ಅನಿಸಿತು. ನಾವು ಶಾರ್ಕಿಗೆ ಅಷ್ಟು ಹತ್ತಿರ ಇರಲಿಲ್ಲ, ಅದು ಅಷ್ಟು ಚಿಕ್ಕದೂ ಇರಲಿಲ್ಲ. ಮಗನಿಗೆ ಇದನ್ನು ಹೇಳಲಿಲ್ಲ. ಎಲ್ಲವನ್ನೂ ಪಾಠ ಮಾಡಬೇಡ ಎಂದು ಯಜಮಾನರು ಹೊರಡುವಾಗಲೇ ಹೇಳಿದ್ದರು.

ಅಷ್ಟರಲ್ಲಿ ಹಿಂದಿನಿಂದ ಟಕ್ ಟಕ್ ಎಂಬ ಸದ್ದು. ತಿರುಗಿ ನೋಡಿದರೆ ಅಪ್ಪ ಬೆರಳ ಗೆಣ್ಣಿನಿಂದ ಗೋಡೆ ಬಡಿಯುತ್ತಿದ್ದ. ಕಿವಿ ಅದಕ್ಕೆ ಆನಿಸಿದ್ದ. ಬಡಿಯಬಾರದು ಎಂಬ ಚಿತ್ರದ ಫಲಕ ಅವನ ತಲೆಯ ಮೇಲೆಯೇ ಇತ್ತು. ಖಣಿಯಲ್ಲಿ ಕಲ್ಲು ಆರಿಸುವುದೇ ಹಾಗೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ಫರ್ಸಿ ಕಂಚಿನಂತೆ ನಾದ ಕೊಡುತ್ತದೆ. ಒಳಗೆ ಬಿರುಕಿದ್ದರೆ 'ಥಪ್' ಎನ್ನುತ್ತದೆ. ಇಷ್ಟು ನೀರನ್ನು ತಲೆಯ ಮೇಲೆ ಹೊತ್ತ ಗೋಡೆಯನ್ನು ತಟ್ಟಿ ನೋಡದೆ ಅದರ ಕೆಳಗೆ ಮೊಮ್ಮಗನನ್ನು ನಿಲ್ಲಿಸಲು ಅವನ ಮನಸ್ಸು ಒಪ್ಪಿರಲಿಲ್ಲ. ಕಾವಲುಗಾರ ಓಡಿ ಬಂದು ಹಿಂದಿಯಲ್ಲಿ ಗದರಿದ. ಬರೀ ಶಿಸ್ತಿನ ಮಾತಲ್ಲ ಅದು. ಮೀನಿನ ಮೈಯ ಎರಡೂ ಬದಿಗೆ ನೀರಿನ ಅದುರನ್ನು ಗ್ರಹಿಸುವ ಒಂದು ಸಾಲು ಇರುತ್ತದೆ. ನಮ್ಮ ಟಕ್ ಟಕ್ ಅದಕ್ಕೆ ಮೈಗೆಲ್ಲ ಬಡಿದಂತೆ. ಅಪ್ಪ ಎರಡೂ ಕೈ ಜೋಡಿಸಿ ಕ್ಷಮೆ ಕೇಳಿದ. ಹತ್ತು ಹೆಜ್ಜೆ ಹೋದ ಮೇಲೆ ನನ್ನ ಕಿವಿಯಲ್ಲಿ, "ಗಾಜಲ್ಲ ಅದು. ಸತ್ತ ಶಬ್ದ" ಎಂದ.

ಸರಿಯಾಗಿಯೇ ಹೇಳಿದ್ದ. ಇಂಥ ಸುರಂಗಗಳನ್ನು ಅಕ್ರಿಲಿಕ್‌ನಿಂದ ಮಾಡುತ್ತಾರೆ. ಗಾಜಿನ ಅರ್ಧದಷ್ಟು ತೂಕ, ಬಾಗಿಸಬಹುದು, ಹಾಳೆಯ ಮೇಲೆ ಹಾಳೆ ಬೆಸೆದು ದಪ್ಪ ಮಾಡಬಹುದು. "ಅಂದರೆ ಪದರು ಪದರು" ಎಂದ ಅಪ್ಪ, ತನ್ನವರೊಬ್ಬರು ಸಿಕ್ಕಂತೆ.

ಒಂದು ತೊರಕೆ ಮೀನು ಹೊಟ್ಟೆಯನ್ನು ಗೋಡೆಗೆ ಒತ್ತಿಕೊಂಡು ಮೇಲೆ ಜಾರಿತು. ಬಿಳಿಯ ಹೊಟ್ಟೆಯ ಮೇಲೆ ಎರಡು ಕಣ್ಣು, ನಗುವ ಬಾಯಿ. ಸುತ್ತಲಿನ ಮೊಬೈಲುಗಳೆಲ್ಲ ಎದ್ದವು. ಆ ಕಣ್ಣುಗಳು ಕಣ್ಣಲ್ಲ, ಮೂಗಿನ ಹೊಳ್ಳೆಗಳು. ನಿಜವಾದ ಕಣ್ಣುಗಳು ಬೆನ್ನಿನ ಕಡೆ ಇರುತ್ತವೆ. ಬಾಯಿ ಇರುವುದು ನಗುವುದಕ್ಕಲ್ಲ, ತಳದ ಮರಳಿನಲ್ಲಿ ಅಡಗಿದ ಏಡಿ, ಸಿಗಡಿಗಳನ್ನು ಅಗಿಯುವುದಕ್ಕೆ. ಇದನ್ನು ಮಾತ್ರ ತಡೆಯಲಾಗದೆ ಹೇಳಿಬಿಟ್ಟೆ. "ಇರಲಿ ಬಿಡವ್ವಾ, ನಕ್ಕರೆ ನಿನ್ನ ಗಂಟೇನು ಹೋಯಿತು" ಎಂದ ಅಪ್ಪ.

ಅವನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಯಾವ ಪ್ರಾಣಿಯೂ ಅಲ್ಲ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಮುಳುಗುಗಾರನೊಬ್ಬ ನೀರಿನೊಳಗೆ ಗೋಡೆ ಒರೆಸುತ್ತಿದ್ದ. ಮಕ್ಕಳು ಕೈ ಬೀಸಿದರೆ ಅವನೂ ಬೀಸುತ್ತಿದ್ದ, ಮತ್ತೆ ಒರೆಸುತ್ತಿದ್ದ. ಅವನಿಗೆ ದಿನಕ್ಕೆ ಕೂಲಿ ಎಷ್ಟು, ಒಂದು ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ, ಶಾರ್ಕ್ ಕಚ್ಚಿದರೆ ಮಾಲೀಕ ಆಸ್ಪತ್ರೆಗೆ ಕೊಡುತ್ತಾನೋ ಇಲ್ಲವೋ ಎಂದು ಅಪ್ಪ ಒಂದೇ ಉಸಿರಿಗೆ ಕೇಳಿದ. ನನಗೆ ಯಾವುದೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಪ್ರಶ್ನೆಗಳು ಅವೇ ಅನಿಸಿತು.

ಸಂಜೆ ಹಿಂತಿರುಗುವಾಗ ಮರೀನಾ ಬಳಿ ಆಟೊ ನಿಂತಿತು. ಕತ್ತಲಾಗಿತ್ತು, ರಜೆಯ ಜಾತ್ರೆಯಂಥ ಜನ. ಬಜ್ಜಿ ಅಂಗಡಿಗಳ ಆಚೆ ಸಮುದ್ರ ಬರೀ ಸದ್ದಾಗಿತ್ತು. ಮಗ ನಿದ್ದೆ ಹೋಗಿದ್ದ. ನಾಳೆ ನೋಡೋಣ ಎಂದೆವು.

ಮೂರನೆಯ ದಿನ: ಏಪ್ರಿಲ್ 13

ಬೆಳಗಿನ ಜಾವ ಕಾಸಿಮೇಡು ಮೀನು ಬಂದರಿಗೆ ಹೋಗಬೇಕೆಂದು ಹೇಳಿದ್ದು ಆಟೊದ ಹಿರಿಯರು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳು ನೀರಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ನಿಷೇಧಕ್ಕೆ ಎರಡೇ ದಿನ ಉಳಿದಿತ್ತು, ಮೇಲೆ ಭಾನುವಾರ. ಬುಟ್ಟಿ, ಐಸು, ಕೂಗು, ಬೈಗುಳ, ಹೆಂಗಸರ ಹರಾಜು. ಕಾಲಿಡಲು ಜಾಗವಿರಲಿಲ್ಲ.

ಒಂದು ಟಾರ್ಪಾಲಿನ ಮೇಲೆ ತೊರಕೆಗಳನ್ನು ಬೆನ್ನಡಿಯಾಗಿ ಸಾಲು ಮಲಗಿಸಿದ್ದರು. ತಿರುಕ್ಕೈ, ತಿರುಕ್ಕೈ ಎಂದು ಮಾರುವಾಕೆ ಕರೆಯುತ್ತಿದ್ದಳು. ನಿನ್ನೆ ನೋಡಿದ ಅದೇ ಬಿಳಿ ಮುಖ, ಅದೇ ನಗು, ಹತ್ತು ಹನ್ನೆರಡು. ಮಗ ನನ್ನ ಸೆರಗು ಹಿಡಿದುಕೊಂಡ. ನಾನೇನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮೀನು ತಿನ್ನದವರೇನೂ ಅಲ್ಲ ನಾವು. ಅಪ್ಪ ಕುಕ್ಕರಗಾಲಿನಲ್ಲಿ ಕುಳಿತು ಒಂದರ ಮೈ ಮುಟ್ಟಿದ. ಮುಟ್ಟಬೇಡ ಎನ್ನುವವರು ಇಲ್ಲಿ ಯಾರೂ ಇರಲಿಲ್ಲ. "ಉಪ್ಪು ಕಾಗದದ ಹಾಗಿದೆ" ಎಂದು ಮೊಮ್ಮಗನ ಬೆರಳನ್ನು ಹಿಡಿದು ತಾನೇ ಮುಟ್ಟಿಸಿದ. ನಿನ್ನೆಯಿಡೀ ಮುಟ್ಟಬೇಕೆಂದು ಹಾತೊರೆದವನು ಈಗ ಬೆರಳನ್ನು ಚಡ್ಡಿಗೆ ಒರೆಸಿಕೊಂಡ.

ಮಧ್ಯಾಹ್ನ ಲಾಡ್ಜಿನಲ್ಲಿ ಹನಿ ಬೀಳದ ಮೂಲೆ ಹುಡುಕಿ ಮಲಗಿದೆವು.

ಸಂಜೆ ಬೆಸಂತ್ ನಗರ. ಎಲಿಯಟ್ಸ್ ಬೀಚಿನಲ್ಲಿ ಸುಣ್ಣ ಬಳಿದ ಕಮಾನಿನ ಒಂದು ಸ್ಮಾರಕವಿದೆ. 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ತಾನೇ ಮುಳುಗಿದ ಡೇನಿಷ್ ನಾವಿಕನದು. ಅಲ್ಲಿಂದ ಮರಳಿನ ಮೇಲೆ ನಡೆಯುತ್ತ ಹೋದಂತೆ ಅಪ್ಪ ಕೊನೆಗೂ ಸಮುದ್ರದ ಎದುರು ನಿಂತ. ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ಅಲೆಗಳನ್ನು ನೋಡಿದ್ದು ಅರ್ಧ ನಿಮಿಷ. ಆಮೇಲೆ ಅವನ ಕಣ್ಣು ಕೆಳಗಿಳಿಯಿತು. ಅಲೆ ಕೊರೆದು ಹೋದಲ್ಲಿ ಮೊಣಕಾಲೆತ್ತರದ ಮರಳಿನ ಗೋಡೆ ನಿಂತಿತ್ತು. ಅದರಲ್ಲಿ ಕಪ್ಪು, ಬಿಳಿ, ಕಪ್ಪು, ಬಿಳಿ ಎಂದು ಕಾಗದದ ದಪ್ಪದ ಗೆರೆಗಳು. ಅಪ್ಪ ಉಗುರಿನಿಂದ ಒಂದು ಗೆರೆಯ ಕೆಳಗೆ ಮೆಲ್ಲಗೆ ಕೆದಕಿದ. ಪದರು ಕಳಚಿ ಬಿತ್ತು.

"ಇದು ಇನ್ನೂ ಹಸಿ" ಎಂದ.

ಇದು ಮರಳು, ಇದರಿಂದ ಮರಳುಗಲ್ಲು ಆಗುತ್ತದೆಯೇ ಹೊರತು ಫರ್ಸಿ ಆಗುವುದಿಲ್ಲ, ಫರ್ಸಿಗೆ ಸುಣ್ಣದ ಕೆಸರು ಬೇಕು ಎಂದು ನಾನು ವಿವರಿಸಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಮೂರು ಕಡೆ ಕೆದಕಿ ನೋಡಿದ.

ಕಡಲಾಮೆಯ ಮೊಟ್ಟೆಗಳನ್ನು ಕಾಯುವ ಜಾಗ ಅಲ್ಲೇ ಮುಂದೆ. ಬಿದಿರು ಮತ್ತು ಬಲೆಯ ಬೇಲಿಯೊಳಗೆ ಮರಳು, ಅದರಲ್ಲಿ ಸಾಲು ಸಾಲಾಗಿ ಗುರುತು ಚೀಟಿಗಳು. ಜನವರಿಯಿಂದ ಏಪ್ರಿಲ್‌ವರೆಗೆ ಆಲಿವ್ ರಿಡ್ಲೆ ಆಮೆಗಳು ರಾತ್ರಿ ದಡ ಹತ್ತಿ, ಗುಂಡಿ ತೋಡಿ, ಒಂದೊಂದೂ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತವೆ. 1988ರಿಂದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲದ ಸ್ವಯಂಸೇವಕರು ರಾತ್ರಿಯಿಡೀ ಈ ದಂಡೆ ನಡೆದು, ಗೂಡು ಹುಡುಕಿ, ಮೊಟ್ಟೆಗಳನ್ನು ತಂದು ಅದೇ ಆಳದ ಗುಂಡಿಯಲ್ಲಿ ಹೂಳುತ್ತಾರೆ. ಅರಣ್ಯ ಇಲಾಖೆಯೂ ಈ ದಂಡೆಯಲ್ಲಿ ಇದೇ ಕೆಲಸ ಮಾಡುತ್ತದೆ. ನಾಯಿಗಳ ಕಾಟ ಒಂದು ಕಾರಣ, ಬೀದಿ ದೀಪ ಇನ್ನೊಂದು. ಮರಿ ಮೊಟ್ಟೆಯೊಡೆದು ಬಂದಾಗ ಬೆಳಕು ಎಲ್ಲಿ ಹೆಚ್ಚಿದೆಯೋ ಅತ್ತ ಓಡುತ್ತದೆ. ಮೊದಲು ರಾತ್ರಿ ದಡದಲ್ಲಿ ಹೆಚ್ಚು ಬೆಳಗುತ್ತಿದ್ದದ್ದು ಸಮುದ್ರವೇ. ಈಗ ಅದಕ್ಕಿಂತ ಹೋಟೆಲು ಬೆಳಗುತ್ತದೆ. ಮರಿ ರಸ್ತೆಗೆ ಬರುತ್ತದೆ.

ಆ ವರ್ಷದ ಜನವರಿಯಲ್ಲಿ ಇದೇ ಕರಾವಳಿಯಲ್ಲಿ ನೂರಾರು ಆಮೆಗಳ ಹೆಣ ತೇಲಿ ಬಂದಿದ್ದವು. ಆಮೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಯಾಂತ್ರಿಕ ದೋಣಿಗಳು ನೀರಿನಲ್ಲಿ ಎಳೆದೊಯ್ಯುವ ಟ್ರಾಲ್ ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದಿದ್ದರೆ ಸಮುದ್ರದಲ್ಲೇ ಮುಳುಗಿ ಸಾಯುತ್ತದೆ. ನಾವು ಬೆಳಿಗ್ಗೆ ನೋಡಿದ ಬಂದರು ಮನಸ್ಸಿಗೆ ಬಂತು. ಆ ಹೆಂಗಸರ ಮುಖಗಳೂ ಬಂದವು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನಿಲ್ಲುವುದು ಕಷ್ಟ.

ಕಾಲೇಜು ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು, ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಮೊಟ್ಟೆ ಮರಿಯಾಗಲು ಸುಮಾರು ಐವತ್ತು ದಿನ ಬೇಕು. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಶಾಖ ತೀರ್ಮಾನಿಸುತ್ತದೆ, ಬಿಸಿ ಹೆಚ್ಚಾದರೆ ಹೆಣ್ಣು, ಕಡಿಮೆಯಾದರೆ ಗಂಡು. ಅಪ್ಪ ತಡಮಾಡದೆ, "ಹಾಗಾದರೆ ನಮ್ಮ ಕಲಬುರಗಿಗೆ ಬಂದು ಇಟ್ಟರೆ ಎಲ್ಲ ಹೆಣ್ಣುಮಕ್ಕಳೇ" ಎಂದ. ಹುಡುಗಿಗೆ ಅದನ್ನು ತಿಳಿಸಿದೆ. ಅವಳು ನಕ್ಕು, "ಅಷ್ಟು ಬಿಸಿಯಲ್ಲಿ ಮರಿಯಾಗುವುದಿಲ್ಲ, ಬೇಯುತ್ತದೆ" ಎಂದಳು. ಅಪ್ಪನಿಗೆ ಅದು ಇನ್ನೂ ಹಿಡಿಸಿತು.

ಸೂರ್ಯ ಹಿಂದಿನ ಕಟ್ಟಡಗಳಲ್ಲಿ ಇಳಿದ ಮೇಲೆ ಒಂದು ಬುಟ್ಟಿ ಹೊರಬಂತು. ನೀರಿನಿಂದ ಸ್ವಲ್ಪ ದೂರದಲ್ಲಿ ಮರಳಿನ ಮೇಲೆ ಗೆರೆ ಎಳೆದು ನಮ್ಮನ್ನು ಅದರ ಹಿಂದೆ ಕೂರಿಸಿದರು. ದಾಟಬಾರದು, ಮುಟ್ಟಬಾರದು, ಫ್ಲ್ಯಾಶ್ ಹಾಕಬಾರದು. ಬುಟ್ಟಿ ವಾಲಿಸಿದರು. ಬೆಂಕಿಪೊಟ್ಟಣಕ್ಕಿಂತ ಕೊಂಚ ಚಿಕ್ಕ, ಹೊಗೆ ಬಣ್ಣದ ಮರಿಗಳು ಒಂದರ ಮೇಲೊಂದು ಬಿದ್ದು, ಎದ್ದು, ದೋಣಿಯ ಹುಟ್ಟಿನಂಥ ನಾಲ್ಕೂ ಕಾಲುಗಳನ್ನು ಬಡಿಯುತ್ತ ಹೊರಟವು. ನೇರ ನೀರಿಗೇ ಬಿಡುವುದಿಲ್ಲ. ಈ ನಾಲ್ಕು ಮಾರು ಅವು ತಾವೇ ತೆವಳಬೇಕು. ತಾನು ಹುಟ್ಟಿದ ದಂಡೆಯ ಗುರುತು ಆಮೆಯೊಳಗೆ ಉಳಿಯುತ್ತದೆ, ಅದರಲ್ಲಿ ಭೂಮಿಯ ಕಾಂತಕ್ಷೇತ್ರದ ಪಾಲಿದೆ ಎನ್ನುತ್ತಾರೆ. ಬದುಕಿದ ಹೆಣ್ಣು ಹತ್ತು ಹದಿನೈದು ವರ್ಷಕ್ಕೆ ಅದೇ ಸೀಮೆಗೆ ಮೊಟ್ಟೆ ಇಡಲು ಮರಳಿ ಬರುತ್ತದೆ. ಸಾವಿರಕ್ಕೆ ಒಂದು ಬದುಕಿದರೆ ಹೆಚ್ಚು ಎಂಬುದು ರೂಢಿಯ ಲೆಕ್ಕ.

ಒಂದು ಮರಿಗೆ ದಾರಿ ತಪ್ಪಿತು. ತಿರುಗಿ ಗೆರೆಯ ಕಡೆಗೆ ಬಂತು, ಮಗನ ಮೊಣಕಾಲಿನ ಮುಂದೆ ಒಂದು ಗೇಣಿನಲ್ಲಿ ನಿಂತಿತು. ಕಣ್ಣಿನ ಸುತ್ತ ಮರಳು ಅಂಟಿತ್ತು. ಮಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕುಳಿತ. ಅವನ ಹಿಂದೆ ಅಪ್ಪ ಕೂಡ ಹಾಗೆಯೇ ಕೈ ಕಟ್ಟಿಕೊಂಡಿದ್ದ. ಮರಿ ಅಲ್ಲೇ ಒಂದು ಅರೆಸುತ್ತು ಹಾಕಿತು, ಯಾರದೋ ಹೆಜ್ಜೆಯ ಕುಳಿಗೆ ಬಿತ್ತು, ಏಳಲಾರದೆ ಒದ್ದಾಡಿತು. ಹುಡುಗಿ ಕುಳಿಯ ಅಂಚನ್ನು ಬೆರಳಿನಿಂದ ಸ್ವಲ್ಪ ಇಳಿಸಿದಳು, ಅಷ್ಟೇ. ಅದು ಹತ್ತಿತು. ಅಲೆಯೊಂದು ಬಂದು ಅದನ್ನು ಎತ್ತಿ ಮತ್ತೆ ನಮ್ಮತ್ತಲೇ ಎಸೆಯಿತು. ಎರಡನೆಯ ಅಲೆಗೆ ಕಾಣದಾಯಿತು. ನೂರು ಜನ ಕುಳಿತಿದ್ದ ದಂಡೆಯಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಾವು ಏಳುವ ಹೊತ್ತಿಗೆ ಹುಣ್ಣಿಮೆಯ ಮರುದಿನದ ಚಂದ್ರ ನೀರಿನಿಂದ ಕೆಂಪಗೆ ಮೇಲೆ ಬರುತ್ತಿದ್ದ. ರೈಲಿಗೆ ಹೊತ್ತಾಗುತ್ತದೆ ಎಂದು ನಾನು ಇಬ್ಬರನ್ನೂ ಎಳೆದುಕೊಂಡು ಹೊರಟೆ.

ನಾಲ್ಕನೆಯ ದಿನ: ಏಪ್ರಿಲ್ 14, ಕಲಬುರಗಿ

ರೈಲು ಇಳಿದರೆ ಊರೆಲ್ಲ ನೀಲಿ. ಬಾಬಾಸಾಹೇಬರ ಜಯಂತಿ. ಜಗತ್ ವೃತ್ತದ ಕಡೆ ಸಂಜೆಯ ಮೆರವಣಿಗೆಗೆ ಧ್ವಜ, ದೊಡ್ಡ ಸ್ಪೀಕರ್, ಮಜ್ಜಿಗೆಯ ಪೆಂಡಾಲ್. ಆಟೊ ಒಂದು ಹಂತದ ಮುಂದೆ ಹೋಗಲಿಲ್ಲ. ಮಜ್ಜಿಗೆ ಕುಡಿದು, ಚೀಲ ಹೊತ್ತು ಮನೆಗೆ ನಡೆದೆವು. ಬಿಸಿಲು ಎಂದಿನಂತೆ ಹುರಿಯುತ್ತಿತ್ತು, ಅದರಲ್ಲೂ ಒಂದು ಸುಖವಿತ್ತು. ಬೆವರು ಕೂಡಲೇ ಆರುತ್ತಿತ್ತು.

ಯಜಮಾನರು ನಡುಮನೆಯ ಫರ್ಸಿಗೆ ನೀರು ಚಿಮುಕಿಸಿ ತಂಪು ಮಾಡಿಟ್ಟಿದ್ದರು. ಮಗ ಕಿಟಕಿಗಳನ್ನು ಮುಚ್ಚಿ, ಮೊಬೈಲಿನ ಟಾರ್ಚನ್ನು ಹೊಸ್ತಿಲ ಬಳಿ ಇಟ್ಟು, ಹೊಟ್ಟೆಯ ಮೇಲೆ ಮಲಗಿ ಬೆಳಕಿನ ಕಡೆಗೆ ತೆವಳತೊಡಗಿದ. ಮಧ್ಯದಲ್ಲಿ ನಿಂತು, "ಮುತ್ಯಾ, ನಾನೀಗ ಸಮುದ್ರದ ತಳದಲ್ಲಿದ್ದೇನಾ?" ಎಂದು ಕೇಳಿದ. ಅಂದರೆ ನನ್ನ ಪಾಠ ಒಬ್ಬನಿಗಾದರೂ ಹತ್ತಿತ್ತು.

ನಾನು ಅಪ್ಪನನ್ನು ನೋಡಿದೆ. ಅವನು ಒದ್ದೆ ನೆಲದ ಮೇಲೆ ಕುಳಿತು, ಒಂದು ಕಲ್ಲಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟ. ಪಕ್ಕದ್ದನ್ನೂ ತಟ್ಟಿದ. ಮೂರನೆಯದರ ಮೇಲೆ ಎರಡು ಸಲ.

"ಇದರ ಕೆಳಗೆ ಪೊಳ್ಳು" ಎಂದ. "ಗಾರೆ ಹಿಡಿದಿಲ್ಲ. ಮಳೆಗಾಲಕ್ಕೆ ಮೊದಲು ಎಬ್ಬಿಸಿ ಮತ್ತೆ ಕೂರಿಸಬೇಕು. ಎಬ್ಬಿಸಿದಾಗ ನನ್ನನ್ನು ಕರೆ, ಮುಳ್ಳೇನಾದರೂ ಇದೆಯೇನೋ ನೋಡೋಣ."